ಗುರುಬಸವ್ವ ನಾದಿದ ಈಸ್ಟ್ ಪುಡಿ

ಒಬ್ಬರಿಗೆ ಬಡಿಸಿ ಇನ್ನೊಬ್ಬರ ಮುಂದೆ ಬರಿದಾದ ತಾಟು ಇಡುವುದು ಗುರುಬಸವ್ವನ ಕೈಗೆ ಗೊತ್ತೇ ಇರಲಿಲ್ಲ. ಸಿರಸಂಗಿಯ ತುಂಬಿದ ಮನೆಯಲ್ಲಿ ಹುಟ್ಟಿ, ಎಂ.ಕೆ. ಹುಬ್ಬಳ್ಳಿಯ ಕಬ್ಬಿನ ಒಕ್ಕಲುತನದ ಮನೆಗೆ ಸೊಸೆಯಾಗಿ ಬಂದವಳು. ಬೆಳಗಾವಿಯಿಂದ ಒಂದು ಪೊಟ್ಟಣ ಕುಂದಾ ಬಂದರೂ ಅದು ದನ ಕಾಯುವ ಬೀರಪ್ಪನವರೆಗೆ ಚೂರುಚೂರಾಗಿ ಮುಟ್ಟಲೇಬೇಕು. ಗಂಡ ಸಂಗಪ್ಪ, "ನಿನಗೇನ ಉಳೀತ?" ಎಂದರೆ, "ಕೈಗೆ ಹತ್ತಿದ್ದು ನೆಕ್ಕೇನಿ ಬಿಡ್ರಿ" ಎಂದು ನಗುತ್ತಿದ್ದಳು.

ಧಾರವಾಡದಲ್ಲಿ ಓದಿದ ಸೊಸೆ ರಾಜೇಶ್ವರಿಗೆ ಅತ್ತೆಯ ಈ ಗುಣವೇ ಒಂದು ತಲೆಬಿಸಿ. ಅವಳ ಮಗಳು ಶೀತಲಳಿಗೆ ನಾಲ್ಕು ತುಂಬಿತ್ತು. ಮೂಗು ಸುರಿಯುವುದು ನಿಂತರೆ ಹೊಟ್ಟೆ ಕೆಡುತ್ತಿತ್ತು, ಹೊಟ್ಟೆ ಸರಿಹೋದರೆ ಮತ್ತೆ ಮೂಗು. ಔಷಧಿ ಕುಡಿದೂ ಕುಡಿದೂ ಮಗುವಿಗೆ ಊಟವೆಂದರೆ ವಾಕರಿಕೆ. ಬೈಲಹೊಂಗಲದ ಮಕ್ಕಳ ಡಾಕ್ಟರು ತೂಕ ನೋಡಿ, "ಮುಂದಿನ ತಿಂಗಳ ಬರೂದರಾಗ ತೂಕ ಏರಲಿಲ್ಲಂದ್ರ ಬೆಳಗಾವ್ಯಾಗ ಅಡ್ಮಿಟ್ ಮಾಡಿ ಎಲ್ಲಾ ತಪಾಸಣಿ ಮಾಡಸೂಣ" ಎಂದುಬಿಟ್ಟಿದ್ದರು. ಅಂದಿನಿಂದ ರಾಜೇಶ್ವರಿಯ ಬೆರಳು ಕೂತಲ್ಲಿ ನಿಂತಲ್ಲಿ ಮಗುವಿನ ಪಕ್ಕೆಲುಬನ್ನೇ ತಡವುತ್ತಿತ್ತು.

ಅದು ಎರಡು ಸಾವಿರದ ಎಂಟನೇ ಇಸವಿಯ ಚಳಿಗಾಲ. ಪುಣೆಯಲ್ಲಿದ್ದ ರಾಜೇಶ್ವರಿಯ ಅಕ್ಕ ಒಂದು ಡಬ್ಬಿ ಕಳಿಸಿದಳು. ಬೀಟಾ-ಗ್ಲುಕಾನ್ ಎಂದು ಹೆಸರು. ಈಸ್ಟಿನಿಂದ ತೆಗೆದದ್ದು, ರೋಗನಿರೋಧಕ ಶಕ್ತಿಗೂ ಕರುಳಿಗೂ ಒಳ್ಳೆಯದು ಎಂದು ಮೇಲೆ ಬರೆದಿತ್ತು. ರಾಜೇಶ್ವರಿ ಅದನ್ನು ಡಾಕ್ಟರಿಗೆ ತೋರಿಸದೆ ಬಿಡಲಿಲ್ಲ. "ನಾ ಹೇಳಿದಷ್ಟ ಕೊಟ್ಟು ನೋಡ್ರಿ. ಕೆಲವ್ರಿಗೆ ನೆಗಡಿ ಕಡಿಮಿ ಆಗಬಹುದು. ಆದ್ರ ಇದನ್ನ ನಂಬಿ ಊಟ ಮರೀಬ್ಯಾಡ್ರಿ" ಎಂದರು ಅವರು. ಕೊನೆಯ ಮಾತು ಅವಳ ಕಿವಿಗೆ ಬೀಳಲೇ ಇಲ್ಲ ಅನ್ನಿ.

ದಿನಾ ಮಧ್ಯಾಹ್ನ ಕೋಣೆಯ ಬಾಗಿಲು ಮುಚ್ಚಿ, ಹಾಲಿಗೆ ಪುಡಿ ಕಲೆಸಿ ಮಗುವಿನ ಬಾಯಿಗಿಡುವಳು. ಶೀತಲ ಹಲ್ಲು ಕಚ್ಚಿ ಅಳುವಳು, ಉಗುಳುವಳು.

"ಅಂಥಾದ್ದೇನೈತಿ ಅದರಾಗ, ಬಾಗಲಾ ಹಾಕ್ಕೊಂಡು ತಿನಸೂವಂಥಾದ್ದು?" ಎಂದಳು ಹೊರಗಿನಿಂದ ಗುರುಬಸವ್ವ.

"ಶಕ್ತಿ ಪುಡಿ ರೀ ಅತ್ತಿ. ಜಡ್ಡು ತಡಿಯೂ ತಾಕತ್ತು ಬರತೈತಂತ."

"ಹೌದೇನ?" ಎಂದು ಮುದುಕಿ ಅಡುಗೆಮನೆಗೆ ನಡೆದಳು. ಅವಳು ಅಷ್ಟು ಸುಲಭಕ್ಕೆ ಒಪ್ಪಿದಾಗಲೇ ರಾಜೇಶ್ವರಿ ಹೆದರಬೇಕಿತ್ತು.

ಮರುದಿನ ಹೊಲದಲ್ಲಿ ಕಬ್ಬಿನ ಕಟಾವು. ಕಡಿಯುವ ಗ್ಯಾಂಗಿನವರಿಗೆಲ್ಲ ಮನೆಯಿಂದ ಬುತ್ತಿ ಹೋಗಬೇಕು. ರಾಜೇಶ್ವರಿ ಜಳಕ ಮುಗಿಸಿ ಬರುವಷ್ಟರಲ್ಲಿ ಒಲೆಯ ಮುಂದೆ ರೊಟ್ಟಿಯ ರಾಶಿ, ಪಕ್ಕದಲ್ಲಿ ಖಾಲಿ ಡಬ್ಬಿ.

"ಅತ್ತೀ! ಇದರಾಗಿನ ಪುಡಿ?"

"ಹಿಟ್ಟಿನಾಗ ಹಾಕಿ, ಎಸರು ಹೊಯ್ದು ನಾದೇನಿ. ಇಂಥಾ ಥಂಡ್ಯಾಗ ಕಬ್ಬು ಕಡಿಯೂ ಮಂದಿಗೆ ತಾಕತ್ತು ಬ್ಯಾಡೇನ?"

"ಕುದಿಯೂ ಎಸರಿನಾಗ! ಈಸ್ಟಿಗೆ ಜೀವ ಇರತೈತ್ರಿ, ಎಲ್ಲಾ ಸತ್ತು ಹೋತು!"

"ಜೀವ ಇರೂದನ್ನ ನನ್ನ ಮೊಮ್ಮಗಳಿಗೆ ತಿನಸಾಕ ಹತ್ತಿದ್ದೇನ ನೀ?" ಗುರುಬಸವ್ವ ಗಾಬರಿಯಾಗಿ ಕೊರಳಿನ ಲಿಂಗ ಮುಟ್ಟಿಕೊಂಡಳು.

ರಾಜೇಶ್ವರಿ ಅಳುತ್ತಲೇ ಡಾಕ್ಟರಿಗೆ ಫೋನು ಮಾಡಿದಳು. ಆ ಕಡೆ ಮೊದಲು ಕೇಳಿದ್ದು ನಗು. "ಅದು ಜೀವ ಇದ್ದ ಈಸ್ಟ್ ಅಲ್ರೀ ತಂಗಿ. ಈಸ್ಟಿನ ಜೀವಕೋಶದ ಹೊರಗೋಡಿಯಿಂದ ತೆಗೆದ ನಾರಿನಂಥಾದ್ದು. ಎಸರಿನಾಗ ಸಾಯಾಕ ಅಲ್ಲೇನೂ ಇಲ್ಲ. ಆದ್ರ ಅಷ್ಟ ಮಂದಿಗೆ ಹಂಚಿದ್ರ ಯಾರಿಗೂ ಸಾಲೂದಿಲ್ಲ. ಮತ್ತ ನಿಮ್ಮ ಅತ್ತಿಯವ್ರಿಗೆ ಹೇಳ್ರಿ, ಯಾರ ಮೈಗೆ ಏನು ಒಗ್ಗೂದಿಲ್ಲೋ, ಕೇಳದ ಇಂಥಾದ್ದು ಮಂದಿ ರೊಟ್ಯಾಗ ಹಾಕಬಾರದು."

ಸೊಸೆ ಆ ಮಾತು ಮುಟ್ಟಿಸಿದಾಗ ಗುರುಬಸವ್ವನ ಮುಖ ಚಿಕ್ಕದಾಯಿತು. ತಾನೇ ಬುಟ್ಟಿ ಹೊತ್ತು ಹೊಲಕ್ಕೆ ನಡೆದಳು. ಮಗುವನ್ನೆತ್ತಿಕೊಂಡು ರಾಜೇಶ್ವರಿಯೂ ಹಿಂದೆ ಹೋದಳು. ಬದುವಿನ ಮೇಲೆ ಬುಟ್ಟಿಯಿಳಿಸಿ ಮುದುಕಿ ನಡೆದದ್ದನ್ನೆಲ್ಲ ಒದರಿದಳು. "ಬ್ಯಾಡಾದವ್ರು ಬಿಡ್ರಿ, ಬ್ಯಾರೆ ಮಾಡಿ ಕಳಸತೇನಿ."

ಗ್ಯಾಂಗಿನ ಲಗಮವ್ವ ಆಗಲೇ ಒಂದು ರೊಟ್ಟಿ ಮುರಿದಿದ್ದಳು. "ತಾಕತ್ತಿನ ರೊಟ್ಟಿ ಯಾರ ಬಿಡ್ತಾರ್ರೀ ಯವ್ವಾ? ನಾಳಿಂದ ಕಡಿಯಾಕ ಕೊಯ್ತಾ ಬ್ಯಾಡ, ಬರಿಗೈಲೆ ಕಬ್ಬು ಬೇರ ಸಮೇತ ಕೀಳತೇವಿ!" ಎಲ್ಲರೂ ಗೊಳ್ಳೆಂದರು.

ಆ ನಗುವಿಗೆ ಶೀತಲ ತಾಯಿಯ ಸೊಂಟದಿಂದ ಜಾರಿ, ಲಗಮವ್ವನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಳು. ರಾಜೇಶ್ವರಿ ಓಡಿಹೋಗಿ, ಕಾಯಿಸಿ ಆರಿಸಿ ತಂದಿದ್ದ ನೀರಿನಲ್ಲಿ ಅವಳ ಕೈ ತೊಳೆದಳು. ಇನ್ನು ತುತ್ತು ಮಾಡಿ ತಿನ್ನಿಸಬೇಕೆನ್ನುವಾಗ ಅತ್ತೆ ಅವಳ ಸೆರಗು ಹಿಡಿದೆಳೆದಳು. "ಸುಮ್ನ ಕುಂದರ. ನೋಡಲೇಬ್ಯಾಡ ಆಕಿ ಕಡೆ."

ನೋಡದಿರಲು ಅವಳಿಂದ ಎಲ್ಲಿ ಸಾಧ್ಯ? ಓರೆಗಣ್ಣಲ್ಲಿ ಕಂಡದ್ದು ಇಷ್ಟು: ರೊಟ್ಟಿಯ ಚೂರೊಂದು ಶೇಂಗಾ ಚಟ್ನಿಗೆ ತಾಗಿತು, ಬಾಯಿಗೆ ಹೋಯಿತು. ಯಾರೂ ಒತ್ತಾಯ ಮಾಡದೆಯೇ ಇನ್ನೊಂದು ಚೂರೂ ಹೋಯಿತು.

ಅಂದಿನಿಂದ ಮಗುವಿನ ಊಟ ಪಡಸಾಲೆಯ ಪಂಕ್ತಿಯಲ್ಲಿ, ಎಲ್ಲರ ಜೊತೆ. ರಾಜೇಶ್ವರಿ ತನ್ನ ಹಟ ಬಿಡಲಿಲ್ಲ. ಸಾಬೂನಿನಿಂದ ಕೈ ತೊಳೆಯದೆ ಬೀರಪ್ಪನಿಗೂ ತಾಟಿಲ್ಲ, ಮಾವನಿಗೂ ಇಲ್ಲ. "ದವಾಖಾನಿ ಆತು ನಮ್ಮನಿ" ಎಂದು ಗೊಣಗುತ್ತ ಸಂಗಪ್ಪನೂ ಕೈ ತೊಳೆದ.

ಮುಂದಿನ ತಿಂಗಳು ಮಗುವನ್ನು ತೂಕಕ್ಕೆ ನಿಲ್ಲಿಸಿದಾಗ ರಾಜೇಶ್ವರಿ ಕಣ್ಣು ಮುಚ್ಚಿಕೊಂಡಿದ್ದಳು. "ಏರೇದ" ಎಂದರು ಡಾಕ್ಟರು. "ಭಾಳ ಅಲ್ಲ. ಆದ್ರ ಹಾದಿ ಛಲೋ ಐತಿ. ಈಗೇನ ಅಡ್ಮಿಟ್ ಬ್ಯಾಡ."

"ಯಾವುದರಿಂದ ಏರಿತ್ರಿ ಸರ್?"

"ಒಂದರ ಹೆಸರು ಹೇಳಾಕ ಬರೂದಿಲ್ಲ. ಊಟ ಹೊಂಟೈತಲ್ಲ, ಅದನ್ನ ಬಿಡಬ್ಯಾಡ್ರಿ. ಅಕ್ಕ ಇನ್ನೊಂದು ಡಬ್ಬಿ ಕಳಿಸಿದ್ರ ಅದನ್ನೂ ಕೊಡ್ರಿ, ಅಡ್ಡಿಯಿಲ್ಲ."

ಜೊತೆಗೆ ಬಂದು ಬಾಗಿಲ ಬಳಿ ನಿಂತಿದ್ದ ಗುರುಬಸವ್ವ ಮುಂದೆ ಬಂದಳು. "ಹಂಗಾದ್ರ ನನಗೂ ಒಂದೀಟು ತಿನ್ನಾಕ ಹೇಳ್ರಿ ಡಾಕ್ಟರ್ರ. ಕೂಸು ಒಂದ ಹೆಂಗ ತಿಂದೀತು?"

ಡಾಕ್ಟರು ನಗುತ್ತ ಕುರ್ಚಿ ಎಳೆದು, ಮೊದಲು ಮುದುಕಿಯ ನಾಡಿ ಹಿಡಿದು ನೋಡಿದರು.