ವಾರದ ಮನೆಯ ಅನ್ನ, ಪರದೇಶದ ಮಾತು

ಅಮೃತಾಪುರದ ಅಮೃತೇಶ್ವರನನ್ನು ನಂಬಿದ ಬಂಧುಗಳಿಗೆ ಅಜ್ಜಂಪುರದ ಶಂಕರನ ನಮಸ್ಕಾರಗಳು. ನನಗೆ ಮೋಸ ಮಾಡಿದವನು ಪರದೇಶದವನಲ್ಲ. ನಮ್ಮ ಕಡೂರಿನವನೇ, ಒಂದೇ ಸಾಲಿನಲ್ಲಿ ಪಕ್ಕದ ಎಲೆಗೆ ಕೂತು ನನ್ನ ಜೊತೆ ಉಂಡವನು. ಅದನ್ನು ಬಿಟ್ಟು ಸ್ವಾಮಿಯ ಕೃಪೆಯನ್ನು ಮಾತ್ರ ಬರೆಯೋಣವೆಂದು ಕೂತು ನೋಡಿದೆ, ಆಗಲಿಲ್ಲ. ಒಂದನ್ನು ಹೇಳದೆ ಇನ್ನೊಂದನ್ನು ಹೇಳಲು ನನಗೆ ಬರುವುದಿಲ್ಲ. ಅಲ್ಲಲ್ಲಿ ಸಿಟ್ಟು ಕಂಡರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ತಂದೆ ತಾಯಿ ಇಲ್ಲದ ನನ್ನನ್ನು ಸಾಕಿದವರು ಅಜ್ಜಂಪುರದ ಸೋದರಮಾವ. ಎಪ್ಪತ್ತರ ದಶಕದ ಮೊದಲಲ್ಲಿ ಅವರು ನನ್ನನ್ನು ಕಡೂರಿನ ಹೈಸ್ಕೂಲಿಗೆ ಸೇರಿಸಿ ವಾರಾನ್ನ ಗೊತ್ತುಮಾಡಿದರು. ಈಗಿನ ಮಕ್ಕಳಿಗೆ ಇದು ಗೊತ್ತಿರಲಾರದು. ಬಡ ಹುಡುಗ ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಇನ್ನೊಂದು ಮನೆಯಲ್ಲಿ, ಹೀಗೆ ದಿನಕ್ಕೊಂದು ಮನೆಯಲ್ಲಿ ಉಂಡು ಓದುವ ಪದ್ಧತಿ ಅದು. ಉಂಡದ್ದಕ್ಕೆ ಬಾವಿಯಿಂದ ನೀರು ಸೇದಿಕೊಡಬೇಕು, ಅಂಗಡಿಗೆ ಹೋಗಿಬರಬೇಕು. ಬಡಿಸಿದಷ್ಟು ಉಣ್ಣಬೇಕು. ಇನ್ನಷ್ಟು ಬೇಕೆಂದು ಕೇಳಬಾರದು. ಉಣ್ಣುವ ಮನೆಯಲ್ಲಿ ಏನನ್ನೂ ಬಾಯಿ ಬಿಟ್ಟು ಕೇಳಬಾರದು ಎಂದು ಮಾವ ನನಗೆ ಮೊದಲ ದಿನವೇ ಹೇಳಿದ್ದರು. ಅದು ನನ್ನ ರಕ್ತಕ್ಕೇ ಇಳಿದುಹೋಯಿತು.

ಬುಧವಾರದ ಮನೆ ಸಾವಿತ್ರಮ್ಮನವರದು. ಅವರ ಮಗ ಸೀನ ನನ್ನ ಕ್ಲಾಸಿನವನೇ. ಬೇರೆ ಮನೆಗಳಲ್ಲಿ ಎಲ್ಲರ ಊಟವಾದ ಮೇಲೆ ನನಗೆ ಎಲೆ ಹಾಕುತ್ತಿದ್ದರು. ಸಾವಿತ್ರಮ್ಮ ಮಾತ್ರ ನನ್ನನ್ನು ಸೀನನ ಪಕ್ಕದಲ್ಲೇ ಕೂರಿಸಿ, ಇಬ್ಬರ ಎಲೆಗೂ ಒಂದೇ ಮಿಳ್ಳೆಯಿಂದ ತುಪ್ಪ ಬಡಿಸುತ್ತಿದ್ದರು. ಓದಿನಲ್ಲಿ ನಾನು ಮುಂದಿದ್ದೆ, ಮಾತಿನಲ್ಲಿ ಅವನು ಮುಂದಿದ್ದ. ಅವನನ್ನು ನಾನು ಅಣ್ಣನೆಂದೇ ತಿಳಿದಿದ್ದೆ.

ಆಮೇಲೆ ಸೀನ ಹಡಗಿನ ಕೆಲಸ ಹಿಡಿದು ದೇಶ ಬಿಟ್ಟ. ಸ್ಪೇನ್ ದೇಶದ ಸಮುದ್ರದ ದಡದಲ್ಲಿರುವ ಒಂದು ಊರಿನಲ್ಲಿ ಇಳಿದು, ಅಲ್ಲಿಯ ಒಂದು ಲಾಡ್ಜಿನಲ್ಲಿ ಕೆಲಸಕ್ಕೆ ನಿಂತ. ನಾನು ಬಿ.ಎ. ಮುಗಿಸಿ ತರೀಕೆರೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ೧೯೮೧ರಲ್ಲಿ ಅವನು ರಜೆಗೆ ಬಂದವನು ನನ್ನನ್ನು ಹುಡುಕಿಕೊಂಡು ತರೀಕೆರೆಗೇ ಬಂದ.

"ಲೇ ಶಂಕ್ರ, ಎಷ್ಟು ದಿನ ಅಂತ ಈ ಮಿಷನ್ ಕುಟ್ತಾ ಕೂತಿರ್ತೀಯ? ನಾನಿರೋ ಲಾಡ್ಜಿಗೆ ಬಂದ್ಬಿಡು. ಊಟ, ವಸತಿ ಅವರದ್ದು. ಸಂಬ್ಳ ಇಲ್ಲ, ಆದ್ರೆ ಸಂಜೆ ಹೊತ್ತು ಸ್ಪ್ಯಾನಿಷ್ ಕ್ಲಾಸಿಗೆ ಕಳಿಸ್ತಾರೆ. ಪರೀಕ್ಷೆ ಪಾಸ್ ಮಾಡ್ಕೊಂಡ್ ಬಾ, ಚಿಕ್ಮಗ್ಳೂರಲ್ಲಿ ಕಾಫಿ ರಫ್ತು ಮಾಡೋರು ನಿನ್ನ ಕರೆದು ಕೆಲ್ಸ ಕೊಡ್ತಾರೆ" ಎಂದ.

"ಸಂಬ್ಳ ಇಲ್ದೆ ಬರೀ ಊಟಕ್ಕೆ ಕೆಲ್ಸ ಅಂದ್ರೆ ಹೆಂಗೋ?" ಎಂದು ಕೇಳಿದೆ.

"ನಮ್ ವಾರಾನ್ನ ಇದ್ದಂಗೇ ಕಣೋ. ಊರ್ ತುಂಬಾ ತಿರುಗೋ ಬದ್ಲು ಒಂದೇ ಮನೆ, ಅಷ್ಟೆ" ಎಂದು ನಕ್ಕ.

ಆ ಮಾತು ಕೇಳಿದ ಮೇಲೆ ನನಗೆ ಇನ್ನೇನೂ ಕೇಳಬೇಕೆನ್ನಿಸಲಿಲ್ಲ. ನನ್ನ ಪಾಲಿನ ಹೊಲವನ್ನು ಮಾವನ ಹೆಸರಿಗೆ ಖಾತೆ ಮಾಡಿಕೊಟ್ಟು, ಅವರು ಕೊಟ್ಟ ಹಣದಲ್ಲಿ ವಿಮಾನದ ಟಿಕೆಟ್ ತೆಗೆದೆ. ಟೈಪಿಂಗ್ ಕೆಲಸ ಬಿಟ್ಟೆ. ಭಾಷೆ ಕಲಿಯದೆ ಬರಿಗೈಯಲ್ಲಿ ವಾಪಸ್ ಬಂದರೆ ನನಗೆ ನಿಲ್ಲಲು ನೆಲೆಯೇ ಇರಲಿಲ್ಲ. ಹೊರಡುವ ಮುಂಚಿನ ಸೋಮವಾರ ತರೀಕೆರೆಯಿಂದ ಬಸ್ಸು ಹತ್ತಿ ಅಮೃತಾಪುರಕ್ಕೆ ಹೋದೆ. "ಸ್ವಾಮಿ, ಆ ಭಾಷೆಯೊಂದನ್ನು ನನ್ನ ನಾಲಗೆಗೆ ಕೊಡು, ಬೇರೇನೂ ಬೇಡ" ಎಂದು ಅಡ್ಡಬಿದ್ದೆ.

ಲಾಡ್ಜು ನಡೆಸುತ್ತಿದ್ದವರು ಕಾರ್ಮೆನ್ ಎಂಬ ವಿಧವೆ. ಸೀನ ಮುಂದಿನ ಮೇಜಿನಲ್ಲಿ ಕೂತು ಇಂಗ್ಲಿಷಿನವರಿಗೂ ಊರಿನವರಿಗೂ ಮಾತಾಡಿ ರೂಮು ಕೊಡುವವನು. ನನ್ನನ್ನು ಹಿಂದೆ ಹಾಕಿದರು. ಆಲೂಗಡ್ಡೆ ಸಿಪ್ಪೆ ತೆಗೆಯುವುದು, ಪಾತ್ರೆ ತೊಳೆಯುವುದು, ಹಾಸಿಗೆಯ ಬಟ್ಟೆ ಒಗೆದು ತಾರಸಿಯ ಮೇಲೆ ಒಣಹಾಕುವುದು. ಬ್ರೆಡ್ಡು, ಅನ್ನ, ಟೊಮೇಟೊ ಸಿಗುತ್ತಿತ್ತು, ಊಟಕ್ಕೆ ಕೊರತೆಯಿಲ್ಲ. ಕೆಲಸಕ್ಕೂ ನಾನು ಹೆದರಿದವನಲ್ಲ. ಆದರೆ ಕ್ಲಾಸಿನ ಸುದ್ದಿಯೇ ಇಲ್ಲ.

ಸೀನನನ್ನು ಕೇಳಿದರೆ "ತಾಳೋ, ಈ ಸೀಸನ್ ಮುಗೀಲಿ ಅಂತಾಳೆ" ಎನ್ನುತ್ತಿದ್ದ. ಸೀಸನ್ ಮುಗಿದು ಚಳಿ ಬಂತು. ಆಗ ಕ್ಲಾಸು ಭರ್ತಿಯಾಗಿದೆ ಎಂದ.

"ನಾನೇ ಒಂದ್ಸಲ ಆಯಮ್ಮನ್ನ ಕೇಳ್ಲೇನೋ? ಕೈಸನ್ನೆಲಾದ್ರೂ..."

"ಹುಚ್ಚು ಗಿಚ್ಚು ಹಿಡೀತೇನೋ ನಿಂಗೆ? ಕೆಲ್ಸದೋರು ಮಾತಾಡ್ಸಿದ್ರೆ ಅವಳಿಗಾಗಲ್ಲ. ಉಣ್ಣೋ ಮನೇಲಿ ಬಾಯಿ ಬಿಡಬಾರ್ದು ಅಂತ ನಿಂಗೂ ಹೇಳ್ಕೊಡ್ಬೇಕಾ?"

ಬೇರೆ ಯಾರಾದರೂ ಆಗಿದ್ದರೆ ಆಯಮ್ಮನ ಮುಂದೆ ಹೋಗಿ ನಿಂತು, ಪುಸ್ತಕ ತೋರಿಸಿ, ಹೇಗೋ ಕೇಳಿಯೇ ಬಿಡುತ್ತಿದ್ದರು. ವಾರಾನ್ನ ಉಂಡವನಿಗೆ ಅದು ಆಗುವುದಿಲ್ಲ. ಅವರು ಎದುರು ಬಂದರೆ ನಾನು ತಲೆ ತಗ್ಗಿಸಿ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದೆ. ಸೋಮವಾರ ನಾನು ಸ್ವಾಮಿಯ ಹೆಸರಿನಲ್ಲಿ ಒಪ್ಪೊತ್ತು ಮಾಡುವುದನ್ನು ನೋಡಿ ಅವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹೋಗುತ್ತಿದ್ದರು. ಅವರ ಅನ್ನ ಬಿಟ್ಟೆನೆಂದು ಬೇಸರವಾಗಿರಬೇಕು ಎಂದುಕೊಂಡು ಇನ್ನಷ್ಟು ಕುಗ್ಗಿಹೋಗುತ್ತಿದ್ದೆ.

ಹೀಗೆ ವರ್ಷವೇ ತುಂಬುತ್ತಾ ಬಂತು. ನನ್ನ ಬಾಯಲ್ಲಿ ಹತ್ತು ಮಾತು ಹುಟ್ಟುತ್ತಿರಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ತಾರಸಿಯ ಮೇಲೆ ಒದ್ದೆ ಬಟ್ಟೆ ಹಿಡಿದುಕೊಂಡೇ ಅತ್ತುಬಿಟ್ಟೆ. "ಸ್ವಾಮಿ, ಕೇಳಿದ್ದು ಒಂದೇ ಒಂದು. ಅದನ್ನು ಕೊಡದಿದ್ದರೆ ನಾನು ಯಾವ ಮುಖ ಇಟ್ಟುಕೊಂಡು ಊರಿಗೆ ಹೋಗಲಿ?" ಎಂದೆ. ಕಣ್ಣೊರೆಸಿಕೊಂಡು ಖಾಲಿ ಬುಟ್ಟಿ ಎತ್ತಿಕೊಂಡು ಇಳಿಯುವಾಗ, ಬಟ್ಟೆಯಿಂದ ಸೋರಿದ ನೀರಿಗೆ ಕಾಲು ಜಾರಿತು. ಮೆಟ್ಟಿಲ ಬುಡಕ್ಕೆ ಬಿದ್ದಾಗ ತೊಡೆಯ ಮೂಳೆ ಮುರಿದಿತ್ತು.

ಆಸ್ಪತ್ರೆ ಪಕ್ಕದ ಪಟ್ಟಣದಲ್ಲಿ, ಬಸ್ಸಿನಲ್ಲಿ ಹೋಗುವಷ್ಟು ದೂರ. ನನ್ನ ಕಾಲಿಗೆ ಹಗ್ಗ ಕಟ್ಟಿ, ಗಾಲಿಯ ಮೇಲೆ ಹಾಯಿಸಿ, ತುದಿಗೆ ತೂಕ ನೇತುಹಾಕಿದರು. ಹೊರಳುವಂತಿಲ್ಲ. ಸೀನ ಒಂದು ಸಲ ಬಸ್ಸಿನಲ್ಲಿ ಬಂದು, ಗೋಡೆಯ ಗಡಿಯಾರ ನೋಡುತ್ತಾ ನಿಂತಿದ್ದು ಹೊರಟುಹೋದ. ಆಮೇಲೆ ಬರಲಿಲ್ಲ. ನಿಜ ಹೇಳುತ್ತೇನೆ, ಆಗ ನಾನು ಸ್ವಾಮಿಯನ್ನೂ ಬೈದೆ. ಮಾತು ಕೊಡೆಂದು ಬೇಡಿದವನ ಕಾಲು ಮುರಿಯುವ ದೇವರು ಇದ್ದರೆಷ್ಟು ಬಿಟ್ಟರೆಷ್ಟು ಎಂದು, ಸೋಮವಾರದ ಒಪ್ಪೊತ್ತನ್ನೂ ಬಿಟ್ಟು, ಕೊಟ್ಟದ್ದನ್ನೆಲ್ಲಾ ತಿಂದೆ.

ಪಕ್ಕದ ಮಂಚದಲ್ಲಿ ಪಾಕೋ ಎಂಬ ಮುದುಕ ಇದ್ದ. ಮೀನು ಹಿಡಿಯುವವನು, ಸೊಂಟ ಮುರಿದುಕೊಂಡು ಬಂದಿದ್ದ. ಅವನಿಗೆ ನನ್ನ ಮಾತು ಬೇಕಿರಲಿಲ್ಲ, ನನ್ನ ಕಿವಿ ಬೇಕಿತ್ತು. ಬೆಳಗಾದರೆ ಶುರು. ಬ್ರೆಡ್ಡು ಎತ್ತಿ ಹಿಡಿದು "ಪಾನ್" ಎನ್ನುವನು. ನಾನು ಹಾಗೆಯೇ ಹೇಳುವವರೆಗೆ ಬಿಡುವವನಲ್ಲ. ಲೋಟ, ಕಿಟಕಿ, ನೋವು, ಹೆಂಡತಿ, ಸರ್ಕಾರ, ಅವನ ದೋಣಿ ಮುಳುಗಿದ್ದು, ಮಗಳು ಓಡಿಹೋಗಿ ಮದುವೆಯಾದದ್ದು. ನಾನು ತಪ್ಪು ಹೇಳಿದರೆ ಇಡೀ ವಾರ್ಡು ನಗುವುದು, ಎದುರಿನ ಮಂಚದವನು ತಿದ್ದುವುದು. ನರ್ಸುಗಳೂ ಈ ಆಟಕ್ಕೆ ಸೇರಿಕೊಂಡರು. ಅಲ್ಲಿ ನಾನು ಯಾರ ಮನೆಯಲ್ಲೂ ಉಣ್ಣುತ್ತಿರಲಿಲ್ಲವಲ್ಲ, ಬಾಯಿ ಬಿಡಲು ಸಂಕೋಚವೇ ಆಗಲಿಲ್ಲ. ಓಡಿಹೋಗಲು ಕಾಲಿಲ್ಲ, ಮಾಡಲು ಕೆಲಸವಿಲ್ಲ. ಎರಡು ತಿಂಗಳ ಮೇಲೆ ಒಂದು ದಿನ, ಪಾಕೋ ಹೇಳಿದ ಕಥೆಗೆ ನಾನು ನಡುವೆ ಒಂದು ಪ್ರಶ್ನೆ ಹಾಕಿದೆ. ಅವನು ಉತ್ತರ ಕೊಟ್ಟ. ಆಗ ಎಚ್ಚರವಾಯಿತು, ನಾನು ಯೋಚನೆ ಮಾಡದೆ ಅವನ ಭಾಷೆಯಲ್ಲೇ ಮಾತಾಡಿಬಿಟ್ಟಿದ್ದೆ. ಸ್ವಾಮಿಯನ್ನು ಬೈದ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡೆ.

ಅದೇ ವಾರ ಕಾರ್ಮೆನ್ನಮ್ಮ ಕಿತ್ತಳೆ ಹಣ್ಣು ತೆಗೆದುಕೊಂಡು ಬಂದರು. ಮುಂಚೆಯೂ ಬಂದು ದೂರದಲ್ಲಿ ನಿಂತು ಹೋಗಿದ್ದರು. ಈ ಸಲ ನಾನು ಅವರ ಭಾಷೆಯಲ್ಲೇ ಕೂತುಕೊಳ್ಳಿ ಎಂದೆ. ಅವರು ಹಣ್ಣಿನ ಚೀಲ ಹಿಡಿದುಕೊಂಡೇ ಮಂಚದ ಅಂಚಿಗೆ ಕುಸಿದರು. ಆಮೇಲೆ ಅವರು ಕೇಳಿದ್ದು ಇದು: ಕಲಿಯಲು ಇಷ್ಟವಿಲ್ಲದವನು ಇಷ್ಟು ಚೆನ್ನಾಗಿ ಹೇಗೆ ಕಲಿತೆ?

ಇಷ್ಟವಿಲ್ಲ ಎಂದು ಯಾರು ಹೇಳಿದರು ಎಂದು ನಾನು ಕೇಳಿದೆ.

ನಾನು ಬಂದ ವಾರವೇ ಅವರು ಚರ್ಚಿನ ಶಾಲೆಯ ಸಂಜೆ ಕ್ಲಾಸಿನಲ್ಲಿ ನನಗೆ ಜಾಗ ಹೇಳಿಟ್ಟಿದ್ದರಂತೆ. ಸೀನ ಅವರಿಗೆ ಹೇಳಿದ್ದು ಬೇರೆ. ಇವನು ನಮ್ಮ ಕಡೆಯ ವ್ರತದವನು, ಓದು ಬರಹ ಬೇಡವಂತೆ, ಮೌನವಾಗಿ ಸೇವೆ ಮಾಡಿಕೊಂಡು ದೇವರ ಧ್ಯಾನ ಮಾಡುತ್ತಾನೆ, ಮಾತಾಡಿಸಬೇಡಿ ಎಂದು. ನಾನು ತಲೆ ತಗ್ಗಿಸುವುದನ್ನು, ಸೋಮವಾರ ಊಟ ಬಿಡುವುದನ್ನು ನೋಡಿ ಆ ತಾಯಿ ಅದನ್ನು ನಂಬಿದ್ದರು. ನನ್ನನ್ನು ಸಾಧುವೆಂದು ತಿಳಿದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು.

ಮೈಯೆಲ್ಲ ಉರಿದುಹೋಯಿತು. ಬೇರೆ ಯಾರು ಹೀಗೆ ಮಾಡಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಮಾರನೆಯ ದಿನ ಕಾರ್ಮೆನ್ನಮ್ಮ ಸೀನನನ್ನು ಆಸ್ಪತ್ರೆಗೆ ಕಳಿಸಿದರು. ಅವನು ಮಂಚದ ಕಾಲಿನ ಕಡೆ ಬಂದು ನಿಂತ.

"ಯಾಕೋ ಸೀನ ಹಿಂಗ್ ಮಾಡ್ದೆ?"

"ಏನ್ ಮಾಡ್ದೆ ಈಗ? ಊಟ ಸಿಗ್ಲಿಲ್ವಾ ನಿಂಗೆ?"

"ನಾನು ಊಟಕ್ ಬಂದ್ನೇನೋ? ಹೊಲ ಕೊಟ್ಟು ಬಂದಿದೀನಿ ಕಣೋ."

ಆಗ ಅವನ ಮುಖ ಬಿಗಿಯಿತು. "ನೋಡು, ನೀನು ಕಲ್ತ್ರೆ ಮುಂದಿನ್ ಮೇಜಿಗೆ ನೀನ್ ಬರ್ತೀಯ, ನಾನ್ ಪಾತ್ರೆ ಉಜ್ಜಕ್ ಹೋಗ್ಬೇಕು. ಸ್ಕೂಲಲ್ಲೂ ನೀನೇ ಮುಂದೆ, ನಮ್ಮನೇಲೂ ನೀನೇ ಮುಂದೆ. ನೀನು ನಮ್ಮನೆ ವಾರದ್ ಹುಡ್ಗ ಕಣೋ. ವಾರದ್ ಹುಡ್ಗ ವಾರದ್ ಹುಡ್ಗನ್ ಥರ ಇದ್ರೆ ಚೆಂದ."

ಇದನ್ನು ಕನ್ನಡದಲ್ಲಿ ಹೇಳಿದ. ಆ ದೇಶದಲ್ಲಿ ಕನ್ನಡದಲ್ಲಿ ನನ್ನೊಡನೆ ಮಾತಾಡುವವನು ಅವನೊಬ್ಬನೇ. ಅವನು ಹೋದ ಮೇಲೆ ಪಾಕೋ, ಏನಂದ ಅವನು, ಏನಂದ, ಎಂದು ಪೀಡಿಸಿದ. ಆ ಮಾತನ್ನು ಅವನಿಗೆ ತಿಳಿಸಿ ಹೇಳಲು ನನಗೆ ಆವತ್ತೂ ಆಗಲಿಲ್ಲ, ಆಮೇಲೂ ಆಗಲಿಲ್ಲ.

ಸೀನ ಆ ತಿಂಗಳೇ ಲಾಡ್ಜು ಬಿಟ್ಟು ಬೇರೆ ಊರಿಗೆ ಹೋದ. ಕಾರ್ಮೆನ್ನಮ್ಮ ನನ್ನನ್ನು ಮುಂದಿನ ಮೇಜಿಗೆ ಕೂರಿಸಿದರು, ಸಂಜೆ ಕ್ಲಾಸಿಗೆ ಕಳಿಸಿದರು. ಊರುಗೋಲು ಹಿಡಿದುಕೊಂಡೇ ಹೋದೆ. ಪರೀಕ್ಷೆಯಲ್ಲಿ ಪಾಸಾದೆ. ೧೯೮೪ರಲ್ಲಿ ವಾಪಸ್ ಬಂದು ಚಿಕ್ಕಮಗಳೂರಿನಲ್ಲಿ ಕಾಫಿ ರಫ್ತು ಮಾಡುವವರ ಹತ್ತಿರ ಸ್ಪ್ಯಾನಿಷ್ ವ್ಯವಹಾರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಇವತ್ತಿಗೂ ಅಲ್ಲೇ ಇದ್ದೇನೆ. ಕೇಳಿದ್ದನ್ನು ಸ್ವಾಮಿ ಕೊಟ್ಟ, ನಾನು ಕನಸಿನಲ್ಲೂ ಎಣಿಸದ ದಾರಿಯಲ್ಲಿ ಕೊಟ್ಟ. ಆ ಕಾಲು ಮುರಿಯದಿದ್ದರೆ ನಾನು ಇನ್ನೂ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದೆನೋ ಏನೋ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಬಂದ ಮೇಲೆ ನಾನು ಬಹಳ ದಿನ ಕಡೂರಿಗೆ ಹೋಗಲಿಲ್ಲ. ಬುಧವಾರದ ಆ ಅನ್ನವೂ ಪ್ರೀತಿಯದಲ್ಲವೇನೋ, ನನ್ನನ್ನು ಕೆಳಗಿಡಲು ಹಾಕಿದ್ದೇನೋ ಎಂಬ ಮುಳ್ಳು ಒಳಗೆ ಇತ್ತು. ಕೊನೆಗೆ ಸಾವಿತ್ರಮ್ಮನವರೇ ಹೇಳಿಕಳಿಸಿದರು. ಹೋದೆ. ಮುಪ್ಪಾಗಿದ್ದರು. ಎಲೆ ಹಾಕಿ ಕೂರಿಸಿ, "ಸೀನ ಒಂದು ಕಾಗ್ದಾನೂ ಹಾಕಲ್ಲ. ಅಲ್ಲಿ ನಿನ್ನ ಚೆನ್ನಾಗ್ ನೋಡ್ಕೊಂಡ್ನೇನೋ ಶಂಕ್ರ?" ಎಂದರು.

ಸುಳ್ಳು ಹೇಳಬೇಕೆಂದಿದ್ದೆ. ಎಲೆಯ ಮುಂದೆ ಕೂತು ಆಗಲಿಲ್ಲ. ಎಲ್ಲವನ್ನೂ ಹೇಳಿದೆ, ಅವನು ಆಸ್ಪತ್ರೆಯಲ್ಲಿ ಆಡಿದ ಮಾತನ್ನೂ. ಅವರು ಸೌಟು ಹಿಡಿದು ನಿಂತೇ ಕೇಳಿದರು. ಆಮೇಲೆ ನನ್ನ ಎದುರಿಗೆ ನೆಲದ ಮೇಲೆ ಕೂತರು.

"ತಾಯಿ ಇಲ್ದಿರೋ ಮಗು ಅಂತ ನಿನ್ ಎಲೆಗೆ ಒಂದ್ ತೊಟ್ಟು ತುಪ್ಪ ಜಾಸ್ತೀನೇ ಹಾಕ್ತಿದ್ದೆ ಕಣೋ. ಅವನು ಅದನ್ನ ನೋಡ್ತಾ ಕೂತಿದ್ದ ಅಂತ ನಂಗೆ ಗೊತ್ತಾಗ್ಲೇ ಇಲ್ಲ." ಸೌಟನ್ನು ಕೆಳಗಿಟ್ಟು ಕೇಳಿದರು: "ನಿನ್ನ ಏನೂ ಕೇಳೋ ಮುಖ ಇಲ್ಲ ನಂಗೆ. ಆದ್ರೂ ಅಮೃತಾಪುರಕ್ಕೆ ಹೋದಾಗ ಅವನ ಹೆಸ್ರಲ್ಲೂ ಒಂದು ಅರ್ಚನೆ ಮಾಡಿಸ್ತೀಯೇನಪ್ಪಾ? ರೋಹಿಣಿ ನಕ್ಷತ್ರ."

ಆ ತಾಯಿ ನನ್ನನ್ನು ಜೀವಮಾನದಲ್ಲಿ ಕೇಳಿದ್ದು ಅದೊಂದೇ. ಅವರ ಕೈಯಿಂದ ಉಂಡವನು ಇಲ್ಲವೆನ್ನುವುದು ಹೇಗೆ? ಮುಂದಿನ ಸೋಮವಾರ ತರೀಕೆರೆಯಲ್ಲಿ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಸಿಟ್ಟಿನಲ್ಲೇ ಇದ್ದೆ. ಅರ್ಚಕರ ಮುಂದೆ ನಿಂತು ನನ್ನ ಹೆಸರು ಹೇಳಿದೆ. ಆಮೇಲೆ ಶ್ರೀನಿವಾಸ, ರೋಹಿಣಿ ನಕ್ಷತ್ರ ಎಂದೆ. ಅವರು ಕೈಯಲ್ಲಿ ಬಿಲ್ವಪತ್ರೆ ಹಿಡಿದು, "ಇವರು ನಿಮಗೆ ಏನಾಗ್ಬೇಕು?" ಎಂದು ಕೇಳಿದರು.

ಮೋಸಗಾರ ಎನ್ನಲೇ? ಯಾರೂ ಅಲ್ಲ ಎನ್ನಲೇ? ಅರ್ಚಕರು ಕಾಯುತ್ತಿದ್ದರು.

"ಅಣ್ಣ ಆಗ್ಬೇಕು" ಎಂದೆ.

ಬಂಧುಗಳೇ, ಅದನ್ನು ಹೇಳಿದ್ದು ನಾನಲ್ಲ. ನನಗೆ ಅವನ ಮೇಲೆ ಆಗಲೂ ಕೋಪ ಇತ್ತು, ಇವತ್ತೂ ಇದೆ. ಆದರೆ ಅಂದಿನಿಂದ ಪ್ರತಿ ಅರ್ಚನೆಗೂ ಅವನ ಹೆಸರು ನನ್ನ ಹೆಸರಿನ ಜೊತೆಗೇ ಹೋಗುತ್ತದೆ, ಆ ಮಾತನ್ನು ಸ್ವಾಮಿ ನನ್ನ ಬಾಯಿಂದ ಮತ್ತೆ ಮತ್ತೆ ಹೇಳಿಸುತ್ತಾನೆ. ನನ್ನ ಮನಸ್ಸು ಅದನ್ನು ಒಪ್ಪುವ ದಿನವನ್ನೂ ಅವನೇ ತರುತ್ತಾನೆಂದು ನಂಬಿದ್ದೇನೆ.