ಇಸ್ತ್ರಿಯಕ್ಕನ ಎರಡು ಮುಖ

ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಕಳಿಸುವ ಆ ಲಾಂಡ್ರಿಯಲ್ಲಿ ಅವಳಿಗೆ ಇಸ್ತ್ರಿಯಕ್ಕ ಎಂದೇ ಹೆಸರು. ಹದಿನೆಂಟು ವರ್ಷ ಆವಿಯ ಮುಂದೆ ನಿಂತವಳು. ಮೊಣಕೈವರೆಗೂ ಸುಟ್ಟ ಕಲೆ. ಬಾಯಿಯಂತೂ ಇಸ್ತ್ರಿಗಿಂತ ಬಿಸಿ. ಮನೆಯಲ್ಲಿ ಆ ಬಾಯಿ ಬಿಟ್ಟರೆ ಏಟು. ಗಂಡ ಲಾರಿ ಡ್ರೈವರ್. ಊರಿಗೆ ಬಂದ ದಿನ ಅವನ ಕೈ ಸುಮ್ಮನಿರುತ್ತಿರಲಿಲ್ಲ.

ಮೊದಲು ಗೇಟಿನಲ್ಲಿ ಹಾಜರಿ ಪುಸ್ತಕವಿತ್ತು, ಅದರ ಹಿಂದೊಬ್ಬ ಮುದುಕ ಗುಮಾಸ್ತನಿದ್ದ. ಅವಳ ಕೆನ್ನೆ ಊದಿದ್ದರೆ ಪೆನ್ನು ಕೆಳಗಿಟ್ಟು, "ಮತ್ತೆ ಹೊಡೆದ್ನೇನಮ್ಮಾ?" ಎನ್ನುತ್ತಿದ್ದ. ಕೇಳಿ ಅವನೇನೂ ಕಡಿದು ಕಟ್ಟೆ ಹಾಕಲಿಲ್ಲ, ನಿಜ. ಆದರೂ ಕೇಳುತ್ತಿದ್ದ. ಅವನ ಜಾಗಕ್ಕೆ ಈಗ ಅಂಗೈ ಅಗಲದ ಯಂತ್ರ ಬಂದಿತ್ತು. ಮುಖ ತೋರಿಸಿದರೆ "ಒಳಗೆ ಬನ್ನಿ" ಎಂದು ಹೆಣ್ಣು ದನಿಯಲ್ಲಿ ಹೇಳಿ ಗೇಟು ತೆಗೆಯುತ್ತದೆ. ಗುರುತು ಸಿಗದಿದ್ದರೆ ಗೈರುಹಾಜರಿ. ಸತತ ಮೂರು ದಿನ ಗೈರಾದರೆ ಹೆಸರು ತಾನಾಗಿ ಅಳಿಸಿಹೋಗುತ್ತದೆ. ಬೈಯೋಣವೆಂದರೆ ಅದಕ್ಕೆ ಕಿವಿಯಿಲ್ಲ, ಹಿಡಿಯೋಣವೆಂದರೆ ಕಾಲಿಲ್ಲ.

ಒಂದು ಬೆಳಿಗ್ಗೆ, ಶರ್ಟಿನ ಗುಂಡಿ ಕಿತ್ತುಬಂದಿದ್ದಕ್ಕೆ, ಗಂಡ ಅವಳ ಮುಖವನ್ನು ಬಾಗಿಲ ಚೌಕಟ್ಟಿಗೆ ಎರಡು ಸಲ ಅಪ್ಪಳಿಸಿದ. ಎಡಗಣ್ಣು ಮುಚ್ಚಿಹೋಯಿತು, ಕೆನ್ನೆ ಬಾತು ಮೂಗು ಅದರೊಳಗೆ ಮುಳುಗಿತು. ಅವನು ಲಾರಿ ಹತ್ತಿದ, ಇವಳು ಕೆಲಸಕ್ಕೆ ಓಡಿದಳು. ಯಂತ್ರ "ಗುರುತು ಸಿಗುತ್ತಿಲ್ಲ" ಎಂದಿತು. ಒಳಗೆ ಬಟ್ಟೆ ಬೆಟ್ಟದಷ್ಟು ಬಿದ್ದಿತ್ತು. ಗೇಟಿನ ಪಕ್ಕ ಮೇಜು ಹಾಕಿಕೊಂಡಿದ್ದ ಲಾಂಡ್ರಿಯ ಮೇಸ್ತ್ರಿ ಹಿಂದೆ ಮುಂದೆ ನೋಡದೆ ಹಳೆಯ ಮುಖ ಅಳಿಸಿ, ಆ ಬಾತ ಮುಖವನ್ನೇ ಯಂತ್ರಕ್ಕೆ ತುಂಬಿದ. ಗೇಟು ತೆರೆಯಿತು.

ಗಂಡ ಹದಿನಾಲ್ಕು ದಿನ ಬರಲಿಲ್ಲ. ಬಾವು ಇಳಿದಂತೆಲ್ಲ ಯಂತ್ರ ತಡವರಿಸತೊಡಗಿತು. ಹದಿಮೂರನೆಯ ದಿನ, ಕನ್ನಡಿಯಲ್ಲಿ ಅವಳ ಮುಖ ಅವಳದೇ ಆದ ದಿನ, ಗೇಟು ತೆರೆಯಲೇ ಇಲ್ಲ.

"ನಾನೇ ಕಣೋ! ಇಷ್ಟು ವರ್ಷದಿಂದ ನೋಡ್ತಿಲ್ವಾ ನೀನು?"

"ನಾನು ನೋಡಿದ್ರೆ ಏನು ಬಂತು? ಅದು ನೋಡ್ಬೇಕು," ಎಂದ ಮೇಸ್ತ್ರಿ. "ಪದೇ ಪದೇ ಮುಖ ಬದಲಾಯಿಸೋಕೆ ಹೆಡ್ಡಾಫೀಸಿಂದ ಅನುಮತಿ ಬೇಕು. ಹೋಗು, ಗಂಡನ ಕೈಲಿ ಇನ್ನೊಂದು ಏಟು ಹಾಕಿಸ್ಕೊಂಡು ಬಾ."

ಸಾಲಿನಲ್ಲಿದ್ದ ಕೆಲವರು ನಕ್ಕೂ ಬಿಟ್ಟರು. ಅವರ ಬಾಯಿಗೆ ಮಣ್ಣು ಹಾಕ!

ಮರುದಿನವೂ ಅದೇ. ಮೂರನೆಯ ಬೆಳಿಗ್ಗೆ ಅವಳು ಹೊರಡುವ ಹೊತ್ತಿಗೆ ಗಂಡ ಬಂದ. ಸುದ್ದಿ ಬೀದಿಯಲ್ಲೇ ಸಿಕ್ಕಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕ.

"ನೋಡಿದ್ಯಾ? ನನ್ನ ಕೈ ಬೀಳದಿದ್ರೆ ಮಷೀನಿಗೂ ನೀನ್ಯಾರು ಅಂತ ಗೊತ್ತಾಗಲ್ಲ. ಬಾ, ನಾನೇ ಹಾಜರಿ ಹಾಕ್ತೀನಿ."

ಕೂದಲು ಹಿಡಿದು ಚೌಕಟ್ಟಿನತ್ತ ಎಳೆದ.

ಬಾಗಿಲು ಗಾಳಿಗೆ ಬಡಿಯದಿರಲೆಂದು ಅಲ್ಲೊಂದು ಹಳೆಯ ಕಬ್ಬಿಣದ ಇಸ್ತ್ರಿಪೆಟ್ಟಿಗೆ ಇಟ್ಟಿದ್ದಳು, ಲಾಂಡ್ರಿಯವರು ಎಸೆದದ್ದು. ಅದರ ಹಿಡಿ ಅವಳ ಕೈಗೆ ಚೆನ್ನಾಗಿ ಗೊತ್ತು. ಮೊದಲ ಏಟು ದವಡೆಗೆ. ಹಲ್ಲು ಮುರಿದ ಸದ್ದು ಅವಳಿಗೇ ಕೇಳಿಸಿತು. ಎರಡನೆಯದು ಕೂದಲು ಹಿಡಿದಿದ್ದ ಕೈಗೆ, ಮಣಿಕಟ್ಟು ಲಟಕ್ಕೆಂದಿತು. ಅವನು ಬಾಯಿ ತುಂಬ ರಕ್ತ ತುಂಬಿಕೊಂಡು "ಅಮ್ಮಾ" ಎಂದು ಕುಸಿದ. ಮೂರನೆಯದಕ್ಕೂ ಎತ್ತಿದಳು. ಗೋಡೆಯ ಗಡಿಯಾರ ನೋಡಿ ಇಳಿಸಿದಳು. ಕೆಲಸಕ್ಕೆ ತಡವಾಗುತ್ತಿತ್ತು.

ಪೆಟ್ಟಿಗೆ ಹಿಡಿದೇ ಗೇಟಿಗೆ ಬಂದಳು. ಸಾಲು ಸರಿದು ದಾರಿ ಬಿಟ್ಟಿತು. ಯಂತ್ರ "ಗುರುತು ಸಿಗುತ್ತಿಲ್ಲ" ಎಂದಿತು. ಪೆಟ್ಟಿಗೆಯನ್ನು ಮೇಸ್ತ್ರಿಯ ಮೇಜಿನ ಮೇಲೆ ಕುಕ್ಕಿದಳು. ಅಂಚಿನಿಂದ ಕೆಂಪಗೆ ಹನಿಯಿತು.

"ಹಾಕಿಸ್ಕೊಂಡು ಬಂದಿಲ್ಲ, ಹಾಕಿ ಬಂದಿದ್ದೀನಿ. ಆ ಮುಖ ಅಳಿಸು, ಇದನ್ನ ಹಾಕು."

ಹೆಡ್ಡಾಫೀಸು, ಅನುಮತಿ ಎಲ್ಲ ಮರೆತು ಮೇಸ್ತ್ರಿ ಯಂತ್ರದತ್ತ ಓಡಿದ. ಮೂರು ದಿನ ಆಗದ ಕೆಲಸ ಮೂರು ನಿಮಿಷಕ್ಕೆ ಬಂದು ನಿಂತಿತು. ಅವಳನ್ನು ಯಂತ್ರದ ಮುಂದೆ ನಿಲ್ಲಿಸಿ, ಅವಳ ಮುಖದತ್ತ ಬೆರಳು ತೋರಿಸಿದ.

"ಕೆನ್ನೆ ಮೇಲೆ ರಕ್ತ ಇದೆ ಅಕ್ಕಾ, ಒರೆಸ್ಕೊಳ್ಳಿ. ಇಲ್ಲಾಂದ್ರೆ ನಾಳೆ ಮತ್ತೆ ಗುರುತು ಹಿಡಿಯಲ್ಲ."

ತೋಳಿನಿಂದ ಒರೆಸಿಕೊಂಡಳು.

"ಅದು ನಂದಲ್ಲ," ಎಂದಳು.

ಪೊಲೀಸರು ಹುಡುಕಿಕೊಂಡು ಬರುವಷ್ಟರಲ್ಲಿ ಅವಳು ನಲವತ್ತು ಹೊದಿಕೆ ಇಸ್ತ್ರಿ ಮಾಡಿ ಮಡಿಸಿಟ್ಟಿದ್ದಳು.