ಬಾವಿಗಿಳಿದ ಗಡಿಯಾರ

ನನ್ನ ಮಾವನವರಿಗೆ ಬಾವಿಯೆಂದರೆ ಪ್ರಾಣ. ಅತ್ತೆಯವರಿಗೆ ಅದೇ ಬಾವಿ ಪ್ರಾಣಸಂಕಟ. ಹನುಮಸಾಗರದ ಹತ್ತಿರದ ಹಳ್ಳಿಯಲ್ಲಿ, ಅವರ ಹೊಲದ ನಡುವೆ, ಕಲ್ಲಿನ ಮೆಟ್ಟಿಲುಗಳ ದೊಡ್ಡ ಬಾವಿಯೊಂದಿದೆ. ಅರವತ್ತು ದಾಟಿದ ಮೇಲೂ ಮಾವ ದಿನಾ ಬೆಳಿಗ್ಗೆ ಅದರೊಳಗೆ ಧುಮುಕಿ, ತಳದವರೆಗೆ ಹೋಗಿ, ಪಂಪಿನ ಪೈಪಿನ ತುದಿಯ ಫುಟ್‌ವಾಲ್‌ಗೆ ಸಿಕ್ಕಿಕೊಂಡ ಎಲೆ ಕಸವನ್ನೆಲ್ಲ ಕಿತ್ತುಕೊಂಡು ಮೇಲೆ ಬರುತ್ತಿದ್ದರು. ಊರಿನಲ್ಲಿ ಯಾರ ಕೊಡ ಬಾವಿಗೆ ಬಿದ್ದರೂ ಮೊದಲು ಇವರಿಗೇ ಕರೆ. ಕರೆಯಲು ಬಂದವರ ಮುಂದೆ ಮಾವ ಮೀಸೆ ತಿರುವಿದರೆ, ಒಳಗೆ ಅತ್ತೆ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಡುತ್ತಿದ್ದರು.

ಗಂಡ ಹೆಂಡತಿಯ ನಡುವೆ ಒಂದು ಕರಾರಿತ್ತು. ಮಾವ ಮುಳುಗಿದಾಗ ಅತ್ತೆ ಉಡಿಯಲ್ಲಿ ಸಣ್ಣ ಕಲ್ಲುಗಳನ್ನು ತುಂಬಿಕೊಂಡು ಮೆಟ್ಟಿಲ ಮೇಲೆ ಕೂರಬೇಕು. ಹೊತ್ತಾಯಿತು ಅನ್ನಿಸಿದರೆ ಒಂದು ಕಲ್ಲು ನೀರಿಗೆ ಎಸೆಯಬೇಕು. ನೀರಿನೊಳಗೆ ಆ ಸದ್ದು ಚೆನ್ನಾಗಿ ಕೇಳುತ್ತದಂತೆ. ಕೇಳಿದ ತಕ್ಷಣ ಮಾವ ಎದ್ದು ಬರಬೇಕು. ಆದರೆ ಅತ್ತೆಯ ನಿಮಿಷ ಬಹಳ ಚಿಕ್ಕದು. ಮಾವ ಇನ್ನೂ ತಳ ಮುಟ್ಟುವ ಮೊದಲೇ ಕಲ್ಲು ಬೀಳುತ್ತಿತ್ತು. ಒಮ್ಮೆಯಂತೂ ಆಗಷ್ಟೇ ಮೇಲೆ ಬಂದ ಬೋಳುತಲೆಗೇ ನೇರವಾಗಿ ಬಿತ್ತು.

"ಇದೇನ ಗಂಡನ್ನ ಕರಿಯೂದೋ, ಕಾಗಿ ಹೊಡಿಯೂದೋ?" ಎಂದು ಮಾವ ನೆತ್ತಿ ಉಜ್ಜಿಕೊಂಡಿದ್ದರು.

ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ಫುಟ್‌ವಾಲ್‌ಗೆ ಹಗ್ಗ ಸುತ್ತಿಕೊಂಡಿತ್ತು. ಮಾವ ಅದನ್ನು ಬಿಡಿಸುವ ಹಟದಲ್ಲಿ ಕಲ್ಲಿನ ಸದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮೇಲೆ ಅತ್ತೆಯ ಉಡಿ ಖಾಲಿಯಾಯಿತು. ಕೊನೆಗೆ ಮಾವ ಏದುಸಿರು ಬಿಡುತ್ತ, ಹಗ್ಗವನ್ನು ಎತ್ತಿ ತೋರಿಸಿ ನಗುತ್ತ ಬಂದರು. ಅತ್ತೆ ನಗಲಿಲ್ಲ. ಅವತ್ತೇ ಕೊಪ್ಪಳದ ನಮ್ಮ ಮನೆಗೆ ಫೋನ್ ಬಂತು.

"ಅಳಿಯಾರ, ನೀರಾಗ ಟೈಮ್ ಕಾಣೂ ಗಡಿಯಾರ ಇರತಾವಂತಲ್ರಿ. ಅಂಥಾದ್ದೊಂದು ತಂದು ಕೊಡ್ರಿ ನಿಮ್ಮ ಮಾವಾರಿಗೆ. ಮುಳ್ಳು ಒಂದ ಸುತ್ತು ಬರೂದ್ರಾಗ ಅವರು ಮ್ಯಾಲ ಬರಬೇಕು. ಇಲ್ಲಾಂದ್ರ ಬಾವಿ ಬಂದ್."

ಬಾವಿ ಬಂದ್ ಆದರೆ ಮಾವ ಮಾವನಾಗಿ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಜೊತೆಗೆ, ಸುಳ್ಳೇಕೆ ಹೇಳಲಿ, ಗಡಿಯಾರ ಅಂದರೆ ನನಗೆ ಹುಚ್ಚು. ಕೊಪ್ಪಳದಲ್ಲಿ ಹಳೆಯ ಕೈಗಡಿಯಾರ ಕೊಂಡು ಮಾರುವ ಅಂಗಡಿಯೊಂದಕ್ಕೆ ಸಂಜೆ ಹೋಗಿ ಕೂರುವುದೇ ನನ್ನ ಚಟ. ಅಂಗಡಿಯವರು ಮುಳುಗುಗಾರರು ಕಟ್ಟುವ ಎರಡು ಗಡಿಯಾರಗಳನ್ನು ಗಾಜಿನ ಮೇಲಿಟ್ಟರು. ಎರಡೂ ಇನ್ನೊಬ್ಬರ ಕೈಯಲ್ಲಿ ದುಡಿದು ಬಂದವು.

"ಎರಡಕ್ಕೂ ಹೊಸಾ ವಾಷರ್ ಹಾಕಿ, ನೀರಾಗ ಇಟ್ಟು ನೋಡೀನ್ರಿ. ಒಂದು ಹಳೇ ಡಯಲ್, ಒಂದು ಹೊಸಾದು. ಒಯ್ದು ತೋರ್ಸ್ರಿ, ಬ್ಯಾಡಾದದ್ದು ವಾಪಸ್ ತರ್ರಿ" ಎಂದರು.

ಹಳೆಯದರ ಅಂಕಿಗಳಿಗೆ ಬಳಿದಿದ್ದ ಪುಡಿ ಒಂದು ಕಾಲದಲ್ಲಿ ಬೆಳಕಿನ ಹಂಗಿಲ್ಲದೆ ತಾನೇ ಹೊಳೆಯುತ್ತಿತ್ತಂತೆ. ಈಗ ಆರಿಹೋಗಿ ಕಾಯಿಸಿದ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿತ್ತು. ಹೊಸದರ ಪುಡಿ ಹಾಗಲ್ಲ, ಬಿಸಿಲು ಕುಡಿದು ಕತ್ತಲೆಯಲ್ಲಿ ಹಸಿರಾಗಿ ಉರಿಯುತ್ತದೆ. ಬೆಳಕಿನಲ್ಲಿ ನೋಡಿದರೆ ಸುಣ್ಣ ಹಚ್ಚಿದಂತೆ ಬೆಳ್ಳಗೆ, ಪೆಚ್ಚಾಗಿರುತ್ತದೆ. ನನ್ನ ಮನಸ್ಸು ಆ ಕೆನೆಯ ಮೇಲೆಯೇ ಕೂತುಬಿಟ್ಟಿತು.

ಭಾನುವಾರ ಹಳ್ಳಿಗೆ ಹೋಗಿ, ಕಟ್ಟೆಯ ಮೇಲೆ ಕುಳಿತು ಹಳೆಯದನ್ನು ಹೊಗಳಿದ್ದೇ ಹೊಗಳಿದ್ದು. ಹೊಳಪು ತೋರಿಸಲು ಹಗಲಿನಲ್ಲಿ ಕತ್ತಲೆ ಎಲ್ಲಿಂದ ತರುವುದು? ಮಾವ ಕಂಬಳಿ ತಂದರು. ಉರಿಬಿಸಿಲಿನ ಮಧ್ಯಾಹ್ನ ಮಾವ ಅಳಿಯ ಇಬ್ಬರೂ ಒಂದೇ ಕಂಬಳಿ ಹೊದ್ದು ಕುಳಿತೆವು. ಹೊಸದು ಹಸಿರಾಗಿ ಝಗ್ಗೆಂದಿತು. ಹಳೆಯದು ಇದೆಯೋ ಇಲ್ಲವೋ ಅನ್ನುವಂತಿತ್ತು.

"ಹಳೇದೂ ಸ್ವಲ್ಪ ಕಾಣತೈತಿ ನೋಡ್ರಿ" ಎಂದರು ಮಾವ, ಬೆವರುತ್ತ. ನಾನು ಹೊಗಳಿಬಿಟ್ಟಿದ್ದೆನಲ್ಲ! ಅಳಿಯ ಮೆಚ್ಚಿ ತಂದದ್ದನ್ನು ಬೇಡವೆನ್ನುವುದು ಆ ಮನೆಯಲ್ಲಿ ಇಲ್ಲವೇ ಇಲ್ಲ. ಒಮ್ಮೆ ನಾನು ಒಯ್ದ ಹುಳಿ ಮಾವಿನಹಣ್ಣನ್ನೂ ಸಕ್ಕರೆ ಎಂದು ತಿಂದವರು ಅವರು. "ಇದ ಇರಲಿ. ಭಾಳ ಛಲೋ ಐತಿ."

ಅಷ್ಟರಲ್ಲಿ ಹೊರಗಿನಿಂದ ಅತ್ತೆಯ ದನಿ ಬಂತು. "ಏನಾತ್ರಿ ಇಬ್ರಿಗೂ? ಚಳಿಜ್ವರ ಬಂದೈತೇನು?"

ನಾಚಿಕೊಂಡು ಹೊರಗೆ ಬಂದೆವು. ಅತ್ತೆ ಹಳೆಯ ಗಡಿಯಾರವನ್ನು ಬಿಸಿಲಿಗೆ ಹಿಡಿದು ನೋಡಿ ಮುಖ ಗಂಟಿಕ್ಕಿದರು. "ಯಾರೋ ಮದಿವ್ಯಾಗ ಕಟ್ಟಿಕೊಂಡದ್ರಿ ಇದು. ಅರಿಷಿಣ ಹಂಗ ಉಳದೈತಿ" ಎಂದವರೇ, ನಾನು ಬಾಯಿ ತೆರೆಯುವ ಮೊದಲೇ ಹುಣಸೇಹಣ್ಣು ತಂದು ಗಾಜನ್ನು ತಿಕ್ಕತೊಡಗಿದರು. ಕೊಡ ಬೆಳಗುವ ಕೈ, ಗಾಜು ಫಳಫಳ ಹೊಳೆಯಿತು. ಅರಿಷಿಣ ಮಾತ್ರ ಒಳಗೆ ಹಾಯಾಗಿ ಕೂತಿತ್ತು. ನನಗೆ ನಗು ತಡೆಯಲಾಗಲಿಲ್ಲ.

"ನಗಬ್ಯಾಡ್ರಿ ಅಳಿಯಾರ" ಎಂದರು ಅತ್ತೆ. ಅವರ ದನಿ ಬದಲಾಗಿತ್ತು. "ಮ್ಯಾಲ ಕುಂತಾಕಿಗೆ ಏನೂ ಕಾಣೂದಿಲ್ರಿ. ಬರೇ ನೀರು. ಕಲ್ಲು ಒಗದ್ರೂ ಕೇಳ್ಯಾರೋ ಇಲ್ಲೋ ಗೊತ್ತಾಗೂದಿಲ್ಲ. ನನ್ನ ಜೀವ ಬಾಯಿಗೆ ಬಂದಿರತೈತಿ."

ಗಡಿಯಾರದ ಚೆಲುವಿನ ಬಗ್ಗೆ ಅಷ್ಟು ಹೊತ್ತು ಉಪನ್ಯಾಸ ಬಿಗಿದ ನನಗೆ, ಅದನ್ನು ಕೇಳಿದ್ದು ಯಾರು, ಯಾಕೆ ಎಂಬುದೇ ಮರೆತುಹೋಗಿತ್ತು. ಮಾವ ಒಂದು ಉಪಾಯ ತೆಗೆದರು. ಎರಡನ್ನೂ ಕಟ್ಟಿಕೊಂಡು ಇಳಿಯುತ್ತೇನೆ, ಆರಿಸುವುದು ಅವಳ ಕೆಲಸ ಎಂದರು. ಅಳಿಯನ ಮಾತನ್ನೂ ತೆಗೆದುಹಾಕಿದಂತಾಗಲಿಲ್ಲ, ಹೆಂಡತಿಯ ಮಾತನ್ನೂ ಮೀರಿದಂತಾಗಲಿಲ್ಲ.

ಮರುದಿನ ಬೆಳಿಗ್ಗೆ ಮಾವ ಎಡಗೈಗೆ ಹಳೆಯದು, ಬಲಗೈಗೆ ಹೊಸದು ಕಟ್ಟಿಕೊಂಡು ಬಾವಿಯ ದಂಡೆಯಲ್ಲಿ ಎರಡೂ ಕೈಗಳನ್ನು ಬಿಸಿಲಿಗೆ ಚಾಚಿ ನಿಂತರು. ನನಗೆ ಈಜು ಬಾರದು, ಎರಡನೆಯ ಮೆಟ್ಟಿಲಿಗಿಂತ ಕೆಳಗೆ ನಾನು ಇಳಿದವನಲ್ಲ. ಅತ್ತೆ ಎಂದಿನಂತೆ ಉಡಿ ತುಂಬ ಕಲ್ಲು ಇಟ್ಟುಕೊಂಡು ಕೆಳಗಿನ ಮೆಟ್ಟಿಲ ಮೇಲೆ ಕುಳಿತರು. ಬಾವಿಯೊಳಗೆ ಇನ್ನೂ ಬಿಸಿಲು ಇಳಿದಿರಲಿಲ್ಲ, ನೀರು ಕಪ್ಪಗಿತ್ತು.

ಮಾವ ಮುಳುಗಿದರು. ಗುಳ್ಳೆಗಳು ಒಡೆದು ನೀರು ತಿಳಿಯಾಯಿತು. ಅತ್ತೆಯ ಕೈ ಆಗಲೇ ಒಂದು ಕಲ್ಲನ್ನು ಎತ್ತಿಕೊಂಡಿತ್ತು. ಆಗ ಕೆಳಗೆ, ದೂರದಲ್ಲಿ, ಒಂದು ಹಸಿರು ಚುಕ್ಕೆ ಕಾಣಿಸಿತು. ಅದು ಫುಟ್‌ವಾಲ್‌ನ ಕಡೆ ಹೋಯಿತು, ಅಲ್ಲೇ ಅತ್ತಿತ್ತ ಆಡಿತು, ಒಂದು ಕ್ಷಣ ನಿಂತಿತು. ಮಾವ ಮುಳ್ಳು ನೋಡುತ್ತಿದ್ದರು. ಆಮೇಲೆ ಚುಕ್ಕೆ ನಿಧಾನವಾಗಿ ದೊಡ್ಡದಾಗುತ್ತ ಬಂತು. ಎಡಗೈಯ ಗಡಿಯಾರ ಕೊನೆಯವರೆಗೂ ಕಾಣಲೇ ಇಲ್ಲ. ಅತ್ತೆ ಎತ್ತಿದ ಕಲ್ಲನ್ನು ಹಾಗೇ ಉಡಿಗೆ ಇಳಿಸಿದರು.

"ಹಸರು ಹೊಳಿಯೂದ ಇರಲಿ" ಎಂದರು, ಅಷ್ಟೇ. ಹಳೆಯದನ್ನು ಅಂಗಡಿಗೆ ಹಿಂದಿರುಗಿಸಲು ಮನಸ್ಸಾಗದೆ ನಾನೇ ಇಟ್ಟುಕೊಂಡೆ. ನನ್ನ ಹೆಂಡತಿ ಇಂದಿಗೂ ಅದನ್ನು ಅರಿಷಿಣದ ಗಡಿಯಾರ ಎಂದೇ ಕರೆಯುತ್ತಾಳೆ.

ಮುಂದಿನ ಬೇಸಿಗೆಯಲ್ಲಿ ಹೋದಾಗ ನೋಡಿದರೆ ಅತ್ತೆ ಮತ್ತೆ ಅದೇ ಮೆಟ್ಟಿಲ ಮೇಲೆ ಕುಳಿತಿದ್ದರು. ಉಡಿಯಲ್ಲಿ ಕಲ್ಲುಗಳಿರಲಿಲ್ಲ. ಮಾವ ಈಗ ಹೇಳಿದ ಹೊತ್ತಿಗೆ ಸರಿಯಾಗಿ ಮೇಲೆ ಬರುತ್ತಾರೆಂದು ಊರಿಗೆಲ್ಲ ಗೊತ್ತಾಗಿತ್ತು.

"ಇನ್ನೂ ಅಂಜಿಕಿ ಹೋಗಿಲ್ಲೇನ್ರಿ ಅತ್ತಿಯಾರ?" ಎಂದು ಕೆಣಕಿದೆ.

"ಅಂಜಿಕಿ ಎಲ್ಲೀದ್ರಿ?" ಎಂದರು, ನೀರಿನಿಂದ ಕಣ್ಣು ತೆಗೆಯದೆ. "ನಲವತ್ತು ವರ್ಷ ಇಲ್ಲಿ ಕುಂತು ಬರೇ ನೀರು ನೋಡೀನಿ. ಈಗ ಅವರು ಕಾಣತಾರ."